ದೀಪದ ಬುಡದ ಕತ್ತಲಲ್ಲಿ ಒಂದು ಸ್ಕೂನರ್

"ಬಾಕ್ಸ್ ಖಾಲಿ", ಅಂದರೆ ಹುಡುಕಲು ಗುರುತು ಹಾಕಿದ ಆಯತದಲ್ಲಿ ಮುಳುಗಿದ ಹಡಗಿಲ್ಲ, ಅಂತ ರಿಪೋರ್ಟಿನ ಕರಡು ಬರೆದಾಗಿತ್ತು. ಹಡಗು ನಮ್ಮ ಏಳನೇ ಲೈನಿನ, ಅಂದರೆ ಸೋನಾರ್ ಎಳೆದುಕೊಂಡು ದೋಣಿ ಹೋದ ಏಳನೇ ಸಾಲಿನ, ನೇರ ಕೆಳಗೇ ಇತ್ತು.

ಜಾಗ ಮಿಷಿಗನ್ ಸರೋವರ, ವಿಸ್ಕಾನ್ಸಿನ್ ದಡದಿಂದಾಚೆ, 90 ಮೀಟರ್ ನೀರು. ಹುಡುಕುತ್ತಿದ್ದದ್ದು ಎರಡು ಪಟಗಂಬದ ಮರದ ಸ್ಕೂನರ್, ಉದ್ದ ಸುಮಾರು 40 ಮೀಟರ್. ಬಾಕ್ಸ್ 7 ಕಿ.ಮೀ. ಅಗಲ, 10 ಕಿ.ಮೀ. ಉದ್ದ. ಬಾಕ್ಸ್ ಹಾಕುವಾಗ ಎಡವಲಿಲ್ಲ. ಹಡಗು ಮುಳುಗಿದ ಸುದ್ದಿಯ ಹಳೆಯ ಪತ್ರಿಕೆಯಲ್ಲಿ "12 ಮೈಲಿ" ಅಂದರೆ ಈ ಸರೋವರಗಳ ಲೆಕ್ಕದಲ್ಲಿ ರಸ್ತೆಯ ಮೈಲಿ, 1609 ಮೀಟರ್. ಸಮುದ್ರದ 1852 ಅಲ್ಲ. ಅದನ್ನು ಮರೆತರೆ 3 ಕಿ.ಮೀ. ದೂರ ಹೋಗಿ ಹುಡುಕುತ್ತೀರಿ. ಪ್ರತಿಧ್ವನಿ ಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್ ಅಂತ ಮೊದಲೇ ತುಂಬಿರುತ್ತದೆ. 4 ಡಿಗ್ರಿಯ ಸಿಹಿನೀರಿಗೆ 1420 ಹಾಕಬೇಕು. ಅದನ್ನೂ ಹಾಕಿದ್ದೆವು. ಎಡವಿದ್ದು ಲೈನ್ ಪ್ಲಾನ್‌ನಲ್ಲಿ.

ಸೈಡ್‌ಸ್ಕ್ಯಾನ್ (ಶಬ್ದದಿಂದ ತಳದ ಚಿತ್ರ ತೆಗೆಯುವ ಸೋನಾರ್) ರೇಂಜ್ ಎರಡೂ ಬದಿಗೆ 200 ಮೀಟರ್, ಲೈನ್ ನಡುವೆ ಅಂತರ 350. ಅಕ್ಕಪಕ್ಕದ ಸಾಲು 50 ಮೀಟರ್ ಒಂದರ ಮೇಲೊಂದು ಬೀಳುತ್ತದಲ್ಲ, ಸಾಕು ಅನ್ನಿಸಿತು. ಕೊಟೇಶನ್ ಕೂಡ 20 ಲೈನಿಗೇ ಹೋಗಿತ್ತು. ಆದರೆ ಸೈಡ್‌ಸ್ಕ್ಯಾನ್ ಪಕ್ಕಕ್ಕೆ ನೋಡುವ ಉಪಕರಣ; ಟೋಫಿಶ್‌ನ, ಅಂದರೆ ಕೇಬಲ್ ಕಟ್ಟಿ ನೀರಿನಲ್ಲಿ ಎಳೆಯುವ ಸೋನಾರ್‌ನ, ನೇರ ಕೆಳಗೆ, ನಾಡಿರ್‌ನಲ್ಲಿ, ಚಿತ್ರ ಹಿಸುಕಿಹೋಗುತ್ತದೆ, ವಸ್ತುವಿನ ಹಿಂದೆ ಶಬ್ದ ತಲುಪದ ನೆರಳೇ ಬೀಳುವುದಿಲ್ಲ. ಹಾಳಾಗುವ ಪಟ್ಟಿ ಎರಡೂ ಬದಿಗೆ ಹೆಚ್ಚುಕಡಿಮೆ ಫಿಶ್‌ನ ಎತ್ತರದಷ್ಟೇ. ತಳದಿಂದ 38 ಮೀಟರ್ ಮೇಲೆ ಎಳೆದರೆ 76 ಮೀಟರ್ ಪಟ್ಟಿ. 350ರಲ್ಲಿ 76, ಅಂದರೆ ಬಾಕ್ಸಿನ ಐದನೇ ಒಂದು ಭಾಗ ನಾವು ನೋಡೇ ಇರಲಿಲ್ಲ. ಕವರೇಜ್ ಮ್ಯಾಪ್ ಮಾತ್ರ ಪೂರ್ತಿ ಹಸಿರು, "100%". ಆ ಸಾಫ್ಟ್‌ವೇರ್ ಸ್ವಾತ್ (ಸೋನಾರ್ ಶಬ್ದ ಮುಟ್ಟುವ ಪಟ್ಟಿ) ಅಗಲವನ್ನಷ್ಟೇ ಬಳಿಯುತ್ತದೆ, ಕಂಡಿತೋ ಇಲ್ಲವೋ ಅನ್ನುವುದು ಅದಕ್ಕೆ ಬೇಕಿಲ್ಲ.

ಏಳನೇ ಲೈನಿನಲ್ಲಿ ಆದದ್ದನ್ನು ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿ ಎಷ್ಟು ಸಲ ನೋಡಿದೆವೋ. 4 ನಾಟ್ ವೇಗ, ಕೇಬಲ್ 150 ಮೀಟರ್ ಹೊರಗೆ. ಆಲ್ಟಿಟ್ಯೂಡ್ (ತಳದಿಂದ ಫಿಶ್‌ನ ಎತ್ತರ) 38 ಇದ್ದದ್ದು ಒಮ್ಮೆಗೇ 34. 35ಕ್ಕೆ ಇಟ್ಟ ಅಲಾರಂ ಹೊಡೆದುಕೊಂಡಿತು. ತಳ ಏರುತ್ತಿದೆ, ಫಿಶ್ ಬಡಿಯುತ್ತದೆ ಎಂಬ ಗಾಬರಿಯಲ್ಲಿ ವಿಂಚ್‌ಗೆ ಕೈ ಹೋಯಿತು, ಕಣ್ಣೆಲ್ಲ ಕೇಬಲ್ ಕೌಂಟರ್ ಮೇಲೆ. ಆ ಹೊತ್ತಿಗೇ ವಾಟರ್ ಕಾಲಮ್‌ನಲ್ಲಿ (ಚಿತ್ರದಲ್ಲಿ ಫಿಶ್‌ಗೂ ತಳಕ್ಕೂ ನಡುವಿನ ನೀರಿನ ಭಾಗ) ಎರಡು ಚುಕ್ಕೆ ಬಂದು ಹೋದವು, ಏಳು ಸೆಕೆಂಡು ಅಂತರದಲ್ಲಿ. ಇಪ್ಪತ್ತು ಸೆಕೆಂಡಿಗೆ ತಳ ಮತ್ತೆ ಸಮವಾಯಿತು. ಲಾಗ್‌ನಲ್ಲಿ ಬರೆದದ್ದು: "ದಿಬ್ಬ, ಮೀನಿನ ಗುಂಪು."

ಕೂತು ಲೆಕ್ಕ ಹಾಕಿದ್ದರೆ ಅಲ್ಲೇ ಮುಗಿಯುತ್ತಿತ್ತು. 4 ನಾಟ್ ಅಂದರೆ ಸೆಕೆಂಡಿಗೆ 2 ಮೀಟರ್. 20 ಸೆಕೆಂಡಿಗೆ 40 ಮೀಟರ್, ಹಡಗಿನ ಉದ್ದ. ಚುಕ್ಕೆಗಳ ನಡುವೆ 14-15 ಮೀಟರ್, ಪಟಗಂಬಗಳ ಅಂತರ. ಮೀನಿನ ಗುಂಪು ವಾಟರ್ ಕಾಲಮ್‌ನಲ್ಲಿ ಮೋಡದ ಹಾಗೆ ಕಾಣುತ್ತದೆ, ತಳದ ಗೆರೆಯನ್ನು ಎತ್ತುವುದಿಲ್ಲ. ಹಿಮಯುಗದ ದಿಬ್ಬವಾದರೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಮೆಟ್ಟಿಲಿನ ಹಾಗೆ ಏರಿ ಮೆಟ್ಟಿಲಿನ ಹಾಗೆ ಇಳಿದರೆ ಅದು ಮನುಷ್ಯ ಮಾಡಿದ್ದು.

ಕಂಬ ನಿಂತಿರಬಹುದು ಎಂಬುದೂ ಹೊಸ ಸುದ್ದಿಯೇನಲ್ಲ. ತಣ್ಣನೆಯ ಸಿಹಿನೀರಿನಲ್ಲಿ ಮರ ಕೊರೆಯುವ ಕಡಲಹುಳು ಇರುವುದಿಲ್ಲ. ಆಂಟೇರಿಯೋ ಸರೋವರದಲ್ಲಿ 1813ರಲ್ಲಿ ಮುಳುಗಿದ ಹ್ಯಾಮಿಲ್ಟನ್, ಸ್ಕರ್ಜ್ ಹಡಗುಗಳು 1973ರಲ್ಲಿ ಸಿಕ್ಕಾಗ ಸುಮಾರು 90 ಮೀಟರ್ ಆಳದಲ್ಲಿ ನೆಟ್ಟಗೆ ಕೂತಿದ್ದವು, ಕಂಬಗಳ ಸಮೇತ. ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ಸಂಗತಿ. ಅಲಾರಂ ಹೊಡೆದಾಗ ಯಾರಿಗೂ ನೆನಪಾಗಲಿಲ್ಲ.

ಕೊನೆಗೆ ಸಿಕ್ಕಿದ್ದು ಲೇಬ್ಯಾಕ್ (ದೋಣಿಯಿಂದ ಫಿಶ್ ಎಷ್ಟು ಹಿಂದಿದೆ ಅನ್ನುವ ದೂರ) ತಾಳೆ ನೋಡಲು ಮೂಲೆಯಿಂದ ಮೂಲೆಗೆ ಎಳೆದ ಓರೆ ಲೈನಿನಲ್ಲಿ. ಫಿಶ್ 36 ಮೀಟರ್ ಎತ್ತರ, ಹತ್ತಿರದ ಕಂಬ 60 ಮೀಟರ್ ದೂರ, ಅದರ ನೆರಳು 120 ಮೀಟರ್, ನೆರಳಿನ ತುದಿ 180ರಲ್ಲಿ. 120 ಗುಣಿಸು 36, ಭಾಗಿಸು 180: ತಳದಿಂದ 24 ಮೀಟರ್ ಎತ್ತರದ ಕಂಬ. ಚಿತ್ರ ಚೊಕ್ಕವಾಗಲಿ ಅಂತ ಏಳನೇ ಲೈನಿನಲ್ಲಿ ರೇಂಜಿನ ಹತ್ತು ಪರ್ಸೆಂಟ್, ಅಂದರೆ 20 ಮೀಟರ್ ಎತ್ತರಕ್ಕೆ ಇಳಿಸಿದ್ದರೆ ಫಿಶ್ ಹೋಗಿ ಆ ಕಂಬಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಕಳಪೆ ಚಿತ್ರವೇ ಉಪಕರಣ ಉಳಿಸಿತು ಅನ್ನಿ.

ಈಗ 200 ರೇಂಜಿಗೆ ಲೈನ್ ಅಂತರ 160. ಒಂದು ಲೈನಿನ ನಾಡಿರ್ ಪಟ್ಟಿಯನ್ನು ಅಕ್ಕಪಕ್ಕದ ಲೈನ್‌ಗಳು ಪಕ್ಕದಿಂದ ನೋಡುತ್ತವೆ. ಥರ್ಮೋಕ್ಲೈನ್ (ನೀರಿನ ಉಷ್ಣತೆ ಥಟ್ಟನೆ ಬದಲಾಗುವ ಪದರ) ಶಬ್ದವನ್ನು ಬಗ್ಗಿಸಿ ರೇಂಜಿನ ಕೊನೆಯ 20-30 ಮೀಟರ್ ಮಸುಕಾದರೂ ನಡೆಯುತ್ತದೆ. ಅದೇ ಬಾಕ್ಸಿಗೆ 20ರ ಜಾಗದಲ್ಲಿ 44 ಲೈನ್. ದುಡ್ಡಿಲ್ಲ ಅಂದರೆ 350ರಲ್ಲೇ ಎಳೆಯಿರಿ, ಆದರೆ ರಿಪೋರ್ಟಿನಲ್ಲಿ ನಾಡಿರ್ ಪಟ್ಟಿಗಳನ್ನು ಬಿಳಿ ಬಿಟ್ಟು ಕೊಡಿ. ಅಲಾರಂ ಹೊಡೆದ ಪ್ರತಿ ಜಾಗದ ಫಿಕ್ಸ್ ನಂಬರ್ (ಸ್ಥಳದ ಗುರುತು) ಬರೆದಿಟ್ಟು, ಬಾಕ್ಸ್ ಬಿಡುವ ಮುಂಚೆ 80 ಮೀಟರ್ ಸರಿದು ಇನ್ನೊಂದು ಸಲ ಎಳೆಯಿರಿ. ಒಂದೊಂದಕ್ಕೂ ಮುಕ್ಕಾಲು ಗಂಟೆ ಹಿಡಿದೀತು.

ಮೇಲಿನವರು ಬಿಳಿ ಪಟ್ಟಿ ಒಪ್ಪಿಲ್ಲ. ಕ್ಲೈಂಟ್‌ಗೆ ಹಸಿರೇ ಇಷ್ಟವಂತೆ.