ಎಂಟೂವರೆ ಸಾವಿರಕ್ಕೆ ಎಂಟು ಡೆಸಿಬೆಲ್

ನಮ್ಮ ಸ್ಟುಡಿಯೋಕ್ಕೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಮೊಬೈಲ್ ಹಿಡಿದುಕೊಂಡು ಬಂದು, "ಅಣ್ಣ, ಈ ಪೋರ್ಟಬಲ್ ಹೆಡ್‌ಫೋನ್ ಆಂಪ್ ತೆಗೆದುಕೊಂಡರೆ ಹೇಗೆ? ರಿಯಾಯಿತಿ ಇವತ್ತು ರಾತ್ರಿಯವರೆಗೆ ಮಾತ್ರ" ಎಂದ. ನಾನು ಮಾತನಾಡದೆ ಮೇಜಿನ ಡ್ರಾವರ್ ಎಳೆದು, ಹೆಡ್‌ಫೋನಿನ ಸದ್ದು ಏರಿಸುವ ಅಂಥದೇ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಕಪ್ಪು ಡಬ್ಬಿಯೊಂದನ್ನು ಅವನ ಕೈಯಲ್ಲಿಟ್ಟೆ. "ನಿಮ್ಮಲ್ಲೇ ಉಂಟಲ್ಲ! ಮತ್ತೆ ಯಕ್ಷಗಾನದ ಆಟಕ್ಕೆ ಯಾಕೆ ತರುವುದಿಲ್ಲ?" ಎಂದು ಕೇಳಿದ. ಉತ್ತರ ಹೇಳುವಷ್ಟರಲ್ಲಿ ಮದುವೆಯ ಆಲ್ಬಂ ನೋಡಲು ಹೆಣ್ಣಿನ ಕಡೆಯವರು ಬಂದರು. ಅವನಿಗೆ ಹೇಳಲಾಗದೆ ಉಳಿದದ್ದು ಇದು.

ಕಾಸರಗೋಡು ಪೇಟೆಯಲ್ಲಿ ನಮ್ಮದು ಮೂರು ಕೋಣೆಯ ಸ್ಟುಡಿಯೋ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವ ಎಲ್ಲವೂ ಉಂಟು. ದೀಪಾವಳಿಯಿಂದ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಯಕ್ಷಗಾನದ ಲೈವ್. ನನ್ನ ಪಾಲಿಗೆ ಬಂದಿರುವುದು ಧ್ವನಿ. ಕ್ಯಾಮೆರಾದವರಿಗೆ ಮನೆಯವರು ಚಹಾ ತಂದುಕೊಡುತ್ತಾರೆ. ಧ್ವನಿಯವನನ್ನು ಹುಡುಕಿಕೊಂಡು ಬರುವುದು ಏನೂ ಕೇಳಿಸದಿದ್ದಾಗ ಮಾತ್ರ.

ಎರಡು ವರ್ಷದ ಹಿಂದಿನ ಫೆಬ್ರವರಿ. ಬದಿಯಡ್ಕದ ಆಚೆ, ಅಡಿಕೆ ತೋಟದ ಪಕ್ಕದ ಕೊಯ್ಲಾದ ಗದ್ದೆಯಲ್ಲಿ ಸೇವೆ ಆಟ. ಆಡಿಸಿದವರು ನಿವೃತ್ತ ಮಾಷ್ಟ್ರು. ಮಕ್ಕಳಿಬ್ಬರೂ ದುಬೈಯಲ್ಲಿ, ಲೈವ್ ಇಟ್ಟದ್ದೇ ಅವರಿಗಾಗಿ. ನನ್ನ ಚೀಲದಲ್ಲಿದ್ದದ್ದು ಐದು ಮೀಟರಿನ ಎರಡು ಕೇಬಲ್. ಉದ್ದದ ಕೇಬಲ್ ಬೇಕೆಂದು ಮೂರು ತಿಂಗಳಿಂದ ವೋಚರ್ ಬರೆದು ಬರೆದು ಇಡುತ್ತಿದ್ದೆ. ಆ ತಿಂಗಳು ಯಜಮಾನರು ಎರಡನೆಯ ಡ್ರೋನ್ ಕೊಂಡರು. ರಾತ್ರಿ ಆಟಕ್ಕೆ ಡ್ರೋನ್ ಹಾರಿಸಿ ಯಾರ ನೆತ್ತಿ ನೋಡುವುದು ಎಂದು ನಾನು ಕೇಳಲಿಲ್ಲ, ಸಂಬಳದ ದಿನ ಹತ್ತಿರವಿತ್ತು. ಕೇಬಲ್ ಐದು ಮೀಟರ್ ಎಂದ ಮೇಲೆ ನಾನು ಕೂರಬೇಕಾದ ಜಾಗವೂ ತೀರ್ಮಾನವಾದಂತೆಯೇ: ರಂಗಸ್ಥಳದ ಮಗ್ಗುಲಲ್ಲಿ, ಚೆಂಡೆಯವರಿಂದ ಎರಡೇ ಮೀಟರ್ ದೂರದಲ್ಲಿ.

ಹೆಡ್‌ಫೋನ್ ಹೊಸದು. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೋ 32, 80, 250 ಓಮ್ ಎಂದು ಮೂರು ಬಗೆಯಲ್ಲಿ ಬರುತ್ತದೆ. ಓಮ್ ಎಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯ ಅಳತೆ. ಅಂಕಿ ದೊಡ್ಡದಾದಷ್ಟೂ ಸಾಮಾನು ಒಳ್ಳೆಯದು ಎಂಬ ಲೆಕ್ಕದಲ್ಲಿ 250ರದ್ದನ್ನು ತರಿಸಿದ್ದೆ. ಸಿಸಿ ನೋಡಿ ಬೈಕ್ ಕೊಳ್ಳುವವರ ಬುದ್ಧಿ.

ಪೂರ್ವರಂಗದ ಹೊತ್ತಿಗೆ ಎಲ್ಲವೂ ಸರಿಯಾಗಿತ್ತು. ನಡುರಾತ್ರಿ ದಾಟುತ್ತಿದ್ದಂತೆ ಹೆಡ್‌ಫೋನಿನಲ್ಲಿ ಭಾಗವತರು ಮುಳುಗತೊಡಗಿದರು. ಕಿವಿಗೆ ಬರುತ್ತಿದ್ದದ್ದು ರೆಕಾರ್ಡರಿನ ಚೆಂಡೆಯೋ, ಪಕ್ಕದಲ್ಲಿ ನಿಂತು ಬಾರಿಸುತ್ತಿದ್ದ ಚೆಂಡೆಯೋ ತಿಳಿಯುತ್ತಿರಲಿಲ್ಲ. ಹೆಡ್‌ಫೋನ್ ವಾಲ್ಯೂಮ್ ನೂರಕ್ಕೆ ತಂದೆ. ಸಾಲಲಿಲ್ಲ. ಆಮೇಲೆ ನನ್ನ ಕೈ ಹೋಗಬಾರದ ಕಡೆಗೆ ಹೋಯಿತು, ರೆಕಾರ್ಡ್ ಆಗುವ ಸದ್ದನ್ನೇ ಏರಿಸುವ ಗೇನ್ ತಿರುಪಿಗೆ. ಐದರಲ್ಲಿದ್ದದ್ದನ್ನು ಆರಕ್ಕೆ ತಿರುಗಿಸಿದೆ. ಭಾಗವತರು ತುಸು ಮೇಲೆ ಬಂದರು. ಹಾಗಾದರೆ ಇನ್ನೂ ಸ್ವಲ್ಪ ಎಂದು ಏಳರ ಹತ್ತಿರ ತಂದೆ.

ಅಷ್ಟರಲ್ಲಿ ಗದ್ದೆಯ ಆ ತುದಿಯಿಂದ ಕೇಕೆ ಕೇಳಿಸಿತು. ಮಹಿಷಾಸುರನ ಪ್ರವೇಶ. ಜನ ಎದ್ದು ಹಿಂದಕ್ಕೆ ತಿರುಗಿದರು, ಮಕ್ಕಳು ಕುರ್ಚಿ ಹತ್ತಿದರು, ಗರ್ನಲ್ ಸಿಡಿಯಿತು. ಎರಡೂ ಬದಿಯಲ್ಲಿ ದೊಂದಿ ಹಿಡಿದವರ ನಡುವೆ ಕೋಡು ಅಲ್ಲಾಡಿಸುತ್ತ ಮಹಿಷ ಬರುತ್ತಿದ್ದಾನೆ, ಇತ್ತ ಚೆಂಡೆಯವರಿಗೆ ಆವೇಶ ಬಂದಿದೆ. ರಾಳದ ಹುಡಿ ಎರಚಿದಾಗೆಲ್ಲ ಬೆಂಕಿ ಭಗ್ಗೆಂದು ಎದ್ದು ನನ್ನ ರೆಕಾರ್ಡರಿನ ಗಾಜಿನ ಮೇಲೂ ಕೆಂಪಾಗಿ ಹೊಳೆಯುತ್ತಿತ್ತು. ಅದರೊಳಗೆ ಕ್ಲಿಪ್ಪಿನ, ಎಂದರೆ ಸದ್ದು ಮಿತಿ ಮೀರಿ ತುದಿ ಕತ್ತರಿಸಿಹೋಗುತ್ತಿದೆ ಎನ್ನುವ, ಕೆಂಪು ಚುಕ್ಕೆಯೂ ಹತ್ತಿ ಆರುತ್ತಿದ್ದದ್ದನ್ನು ನಾನು ಕಂಡೆ. ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ದೊಂದಿಯ ಬೆಳಕಿರಬೇಕು ಎಂದುಕೊಂಡೆ. ಹತ್ತು ನಿಮಿಷ ಹಾಗೆಯೇ ಅಂದುಕೊಳ್ಳುತ್ತ ಕುಳಿತೆ. ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿರಲಿಲ್ಲ.

ಬುಧವಾರ ಮಾಷ್ಟ್ರು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಅವರು ಬೈಯಲಿಲ್ಲ, ಬೈದಿದ್ದರೆ ಮರೆತುಹೋಗುತ್ತಿತ್ತು. ಕನ್ನಡಕ ತೆಗೆದು ಒರೆಸುತ್ತ, "ಇದು ಚೆಂಡೆಯೋ ಮಾರಾಯ, ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಬೀಳುವುದೋ?" ಎಂದರು. ಕಂಪ್ಯೂಟರಿನಲ್ಲಿ ಫೈಲ್ ತೆರೆದು ತೋರಿಸಿದೆ. ಅಲೆಯ ತುದಿಗಳೆಲ್ಲ ಬೇಲಿಯ ಗಿಡವನ್ನು ಕತ್ತಿಯಿಂದ ಸವರಿದ ಹಾಗೆ ಒಂದೇ ಮಟ್ಟದಲ್ಲಿದ್ದವು. ದೇವಿ ಮಹಿಷನ ತಲೆ ತೆಗೆಯುವ ಮೊದಲೇ ನಾನು ಚೆಂಡೆಯ ತಲೆ ತೆಗೆದಿದ್ದೆ. ತುಂಡಾದ ತುದಿಗಳನ್ನು ಸರಿಪಡಿಸುವ ಡಿಕ್ಲಿಪ್ ಹಾಕಿ ನೋಡಿದೆ. ಅದು ತೇಪೆಯಷ್ಟೇ, ಹೋದ ಬಟ್ಟೆ ಮರಳಿ ಬರುವುದಿಲ್ಲ. ಯಜಮಾನರು ಅರ್ಧ ಬಿಲ್ ಬಿಟ್ಟುಕೊಟ್ಟರು. ಆ ಅರ್ಧ ಯಾರ ಲೆಕ್ಕಕ್ಕೆ ಎಂಬುದನ್ನು ತಿಂಗಳ ಕೊನೆಗೆ ತಿಳಿಸಿದರು.

ಇಲ್ಲಿಗೆ ಪಾಠ ಕಲಿತಿದ್ದರೆ ಡಬ್ಬಿ ಬರುತ್ತಲೇ ಇರಲಿಲ್ಲ. ನಾನು ಕಲಿತದ್ದು ಬೇರೆಯೇ: ತಪ್ಪು ನನ್ನದಲ್ಲ, ಹೆಡ್‌ಫೋನಿಗೆ ಬಲ ಸಾಲದು. ರಾತ್ರಿಯಿಡೀ ವಿಡಿಯೋ ನೋಡಿ, ಬ್ಯಾಟರಿ ಇರುವ ಒಂದು ಆಂಪನ್ನು 8,500 ರೂಪಾಯಿಗೆ ಸ್ವಂತ ಹಣದಲ್ಲಿ ತರಿಸಿದೆ. ವೋಚರ್ ಬರೆಯಲು ಮುಖವಿರಲಿಲ್ಲ.

ಮಾರ್ಚಿನಲ್ಲಿ ಕುಂಬಳೆಯ ಹತ್ತಿರ ಆಟ. ಅದೇ ಐದು ಮೀಟರ್ ಕೇಬಲ್, ಅದೇ ಮಗ್ಗುಲು. ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಆಂಪಿಗೆ, ಆಂಪಿನಿಂದ ಕಿವಿಗೆ. ರೆಕಾರ್ಡರಿನ ವಾಲ್ಯೂಮ್ ನೂರರಲ್ಲಿ, ಆಂಪಿನ ಸ್ವಿಚ್ ಹೈ ಗೇನಿನಲ್ಲಿ. ಅಬ್ಬಾ, ಭಾಗವತರು ಕಿವಿಯೊಳಗೇ ಕುಳಿತು ಹಾಡಿದ ಹಾಗೆ! ಎರಡನೇ ಕ್ಯಾಮೆರಾದ ಮಲಯಾಳಿ ಚೇಟನನ್ನು (ಅಣ್ಣನನ್ನು) ಕರೆದು ಅವನ ತಲೆಗೂ ಹೆಡ್‌ಫೋನ್ ಹಾಕಿಸಿದೆ. ಅವನು ತಲೆಯಾಡಿಸಿ ಹೋದ. ಒಂದು ಗಂಟೆ ನನ್ನಷ್ಟು ಸುಖಿ ಆ ಬಯಲಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲ ಏರುಪದಕ್ಕೆ ಕಿವಿಯಲ್ಲಿ ಕರಕರ ಎಂದಿತು. ಕಣ್ಣ ಮುಂದೆ ಮಾಷ್ಟ್ರು ಕನ್ನಡಕ ಒರೆಸಿದರು. ಸರಕ್ಕನೆ ರೆಕಾರ್ಡರಿನ ಗೇನ್ ಇಳಿಸಿದೆ. ಕರಕರ ನಿಂತಿತು. ಈ ಸಲ ಹೊತ್ತಿಗೆ ಸರಿಯಾಗಿ ಹಿಡಿದೆ ಎಂದು ಬೀಗುವಷ್ಟರಲ್ಲಿ ಲೈವ್ ನೋಡಿಕೊಳ್ಳುವ ಹುಡುಗನ ಮೊಬೈಲಿಗೆ ಅಬುಧಾಬಿಯಿಂದ ಕರೆ ಬಂತು: ಭಾಗವತರ ಮೈಕ್ ಹೋಗಿದೆಯೇ? ಗೇನ್ ಏರಿಸಿದೆ. ಕರಕರ. ಇಳಿಸಿದೆ. ಶಾರ್ಜಾದಿಂದ ಕರೆ. ಮುಕ್ಕಾಲು ಗಂಟೆ ಇದೇ ಆಯಿತು. ಅಷ್ಟೂ ಹೊತ್ತು ರೆಕಾರ್ಡರಿನಲ್ಲಿ ಸದ್ದಿನ ಮಟ್ಟ ತೋರಿಸುವ ಮೀಟರ್ ಮಿತಿಯೊಳಗೇ ತಣ್ಣಗೆ ಓಡುತ್ತಿತ್ತು. ಕೆಂಪು ಎಲ್ಲಿಯೂ ಇಲ್ಲ. ಫೆಬ್ರವರಿಯಲ್ಲಿ ಕೆಂಪು ಕಂಡಾಗ ನಂಬಲಿಲ್ಲ, ಮಾರ್ಚಿನಲ್ಲಿ ಕೆಂಪು ಕಾಣದಾಗಲೂ ನಂಬಲಿಲ್ಲ. ನನ್ನ ಕಿವಿಗಿಂತ ದೊಡ್ಡ ಸಾಕ್ಷಿ ಬೇಕೇ ಎಂಬ ಗತ್ತು. ಲೈವಿನ ಕೆಳಗೆ ಯಾರೋ ಬರೆದಿದ್ದರು: ಭಾಗವತರನ್ನು ಬಾವಿಗೆ ಇಳಿಸಿ ಇಳಿಸಿ ಎತ್ತುತ್ತಿದ್ದಾರೆಯೇ?

ಬೆಳಗ್ಗೆ ವ್ಯಾನಿನಲ್ಲಿ ಚೇಟ ಮಲಯಾಳದಲ್ಲಿ ಒಂದೇ ಮಾತು ಕೇಳಿದ: ಮೀಟರ್ ಇಟ್ಟಿರುವುದು ಅಲಂಕಾರಕ್ಕೋ? ಅಲ್ಲಿಂದ ಹೆದ್ದಾರಿಯ ಧೂಳು ನೋಡುತ್ತ ಕಾಸರಗೋಡಿನವರೆಗೆ ಬಂದೆ.

ರೆಕಾರ್ಡಿಂಗಿನಲ್ಲಿ ಒಂದೇ ಒಂದು ಕ್ಲಿಪ್ ಇರಲಿಲ್ಲ. ಕರಕರ ಎಂದದ್ದು ಆ ಡಬ್ಬಿಯೇ. ಅದರ ತಪ್ಪೂ ಅಲ್ಲ, ರೆಕಾರ್ಡರಿನಿಂದ ಪೂರ್ತಿ ಏರಿಸಿ ಕೊಟ್ಟ ಸದ್ದನ್ನು ಹೈ ಗೇನಿನಲ್ಲಿ ಮತ್ತೆ ಮೂರ್ನಾಲ್ಕು ಪಟ್ಟು ಮಾಡು ಎಂದರೆ ಅಷ್ಟು ಚಿಕ್ಕ ಬ್ಯಾಟರಿ ವೋಲ್ಟೇಜನ್ನು ಎಲ್ಲಿಂದ ತಂದುಕೊಡಬೇಕು? ಫೈಲಿನಲ್ಲಿ ಏರಿಳಿತವನ್ನು ಎಳೆದು ಸಮ ಮಾಡಿದೆ. ಸಣ್ಣ ಸದ್ದೂ ಕೆಡದೆ ಉಳಿಯುವ 24 ಬಿಟ್ ರೆಕಾರ್ಡಿಂಗ್ ಆದ್ದರಿಂದ ಆಯಿತು. ಲೈವ್ ನೋಡಿದವರ ಕಿವಿಯನ್ನು ಸಮ ಮಾಡಲಾಗಲಿಲ್ಲ.

ಆ ದಿನ ಸ್ಟುಡಿಯೋದಲ್ಲಿ ಕುಳಿತು, ಕೊಳ್ಳುವ ಮೊದಲು ಮಾಡಬೇಕಿದ್ದ ಲೆಕ್ಕವನ್ನು ತಿರಸ್ಕೃತ ವೋಚರೊಂದರ ಹಿಂಬದಿಯಲ್ಲಿ ಮಾಡಿದೆ. ರೆಕಾರ್ಡರಿನ ಕೈಪಿಡಿಯಲ್ಲಿ ಹೆಡ್‌ಫೋನ್ ಔಟ್ 32 ಓಮಿಗೆ 20 ಮಿಲಿವ್ಯಾಟ್ ಎಂದಿದೆ. ಅಂದರೆ 0.8 ವೋಲ್ಟ್. ಅದೇ 0.8 ವೋಲ್ಟ್ 250 ಓಮಿಗೆ ಹೋದರೆ ಸಿಗುವುದು ಎರಡೂವರೆ ಮಿಲಿವ್ಯಾಟ್. ನನ್ನ ಹೆಡ್‌ಫೋನ್ ಒಂದು ಮಿಲಿವ್ಯಾಟಿಗೆ 96 ಡೆಸಿಬೆಲ್ ಕೊಡುತ್ತದೆ, ಎರಡೂವರೆಗೆ 100. ಅದೂ ಸದ್ದಿನ ತುತ್ತತುದಿಯಲ್ಲಿ. ಪದ್ಯದ ಸರಾಸರಿ ಅದಕ್ಕಿಂತ ಹದಿನೈದಿಪ್ಪತ್ತು ಕೆಳಗೆ, ಎಂದರೆ ಎಂಬತ್ತರ ಆಸುಪಾಸು. ಇತ್ತ ಪಕ್ಕದ ಚೆಂಡೆಗೆ ಮೊಬೈಲಿನ ಆಪ್ ನೂರೈದು ತೋರಿಸಿತ್ತು. ಆಪನ್ನು ಪೂರ್ತಿ ನಂಬುವುದು ಬೇಡ, ಆದರೂ ಹೆಡ್‌ಫೋನಿನ ಕಿವಿಬಟ್ಟಲುಗಳು ಹೊರಗಿನ ಸದ್ದನ್ನು ತಡೆಯುವುದು ಸುಮಾರು 18 ಡೆಸಿಬೆಲ್. ಉಳಿದ ಎಂಬತ್ತೇಳು ಸೀದಾ ಕಿವಿಗೆ. ಭಾಗವತರು ಮುಳುಗದೆ ಇನ್ನೇನು?

ಆಂಪ್ ಎರಡು ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 250 ಓಮಿಗೆ 16 ಮಿಲಿವ್ಯಾಟ್, 108 ಡೆಸಿಬೆಲ್. ಎಂಟೂವರೆ ಸಾವಿರ ಕೊಟ್ಟು ನಾನು ತಂದದ್ದು ಎಂಟು ಡೆಸಿಬೆಲ್. ಪೆನ್ನು ಕೆಳಗಿಟ್ಟದ್ದು ಮುಂದಿನ ಸಾಲಿಗೆ: ಅದೇ ಹೆಡ್‌ಫೋನಿನ 32 ಓಮಿನದನ್ನು ಕೊಂಡಿದ್ದರೆ, ಆಂಪ್ ಇಲ್ಲದೆ, ಅದೇ ರೆಕಾರ್ಡರಿನಿಂದ 109 ಬರುತ್ತಿತ್ತು. ಮತ್ತೆ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರಿನಿಂದ ಎಂಟು ಮೀಟರಿಗೆ ಎದ್ದು ಹೋಗಿ ಕುಳಿತಿದ್ದರೆ ಚೆಂಡೆ ಹನ್ನೆರಡು ಕಡಿಮೆ. ಅದಕ್ಕೆ ಬೇಕಾದದ್ದು ಕೇಬಲ್. ವೋಚರಿನ ಮುಂಬದಿಯಲ್ಲಿ ಬರೆದಿದ್ದದ್ದು ಅದೇ ಕೇಬಲ್, ಅದರ ಮೇಲೆ ಯಜಮಾನರ ನೀಲಿ ಶಾಯಿಯ ಗೀಟು.

ಕಿವಿಯ ಮಾತನ್ನೂ ಹೇಳಿಬಿಡುತ್ತೇನೆ. ಕುಂಬಳೆಯ ಆಟ ಮುಗಿದದ್ದು ಶನಿವಾರ ಬೆಳಗ್ಗೆ. ಕಿವಿಯೊಳಗಿನ ಜೀರುಂಡೆ ಸುಮ್ಮನಾದದ್ದು ಸೋಮವಾರ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎನ್‌ಐಒಎಸ್‌ಎಚ್ ಸೂಚಿಸಿದ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ. ಪ್ರತಿ ಮೂರು ಡೆಸಿಬೆಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. ನೂರಕ್ಕೆ ಕಾಲು ಗಂಟೆ. ನಮ್ಮ ಆಟ ರಾತ್ರಿ ಒಂಬತ್ತರಿಂದ ಬೆಳಗಿನವರೆಗೆ. ಗದ್ದಲವನ್ನು ಗೆಲ್ಲಲು ಇನ್ನಷ್ಟು ಗದ್ದಲ ಕೊಡುವ ಡಬ್ಬಿಯನ್ನು ಕಿವಿಗೆ ಕಟ್ಟಿಕೊಂಡು ಕುಳಿತವನು ನಾನು.

ಹಾಗಾದರೆ ಹುಡುಗ ಕೊಳ್ಳಬೇಕೇ? ಅವನದು 32 ಓಮಿನ ಇಯರ್‌ಫೋನ್, ಮೊಬೈಲಿಗೆ ಸಿಕ್ಕಿಸುವ ಟೈಪ್ ಸಿ ಡಾಂಗಲ್. ಒಳ್ಳೆಯ ಡಾಂಗಲ್ ಒಂದು ವೋಲ್ಟ್ ಕೊಡುತ್ತದೆ, ಅದಕ್ಕೆ 31 ಮಿಲಿವ್ಯಾಟ್. ಮುಕ್ಕಾಲು ವಾಲ್ಯೂಮಿಗೇ ಅವನು ಸಾಕು ಎನ್ನುತ್ತಾನೆ. ಅದಕ್ಕೆ ಆಂಪ್ ಜೋಡಿಸುವುದೆಂದರೆ ಆಟೋಕ್ಕೆ ಲಾರಿಯ ಎಂಜಿನ್ ಕೂರಿಸಿದ ಹಾಗೆ. ಹೈ ಗೇನಿನಲ್ಲಿ ಹಾಡು ಇಲ್ಲದಾಗಲೂ ಸುಂಯ್ ಎನ್ನುವುದು ಕೇಳಿಸುತ್ತದೆ. 250, 300 ಓಮಿನ ಹೆಡ್‌ಫೋನ್ ಇದ್ದು, ನಿಶ್ಶಬ್ದ ಕೋಣೆಯಲ್ಲೂ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು ಎನ್ನುವವನು ಕೊಳ್ಳಲಿ. ಚಪ್ಪಟೆ ಪೊರೆಯ ಪ್ಲಾನರ್ ಹೆಡ್‌ಫೋನಿನವರೂ ಕೊಳ್ಳಲಿ, ಅವುಗಳಲ್ಲಿ ಹೆಚ್ಚಿನವು ಶಕ್ತಿಯನ್ನು ಕುಡಿಯುತ್ತವೆ. ನನ್ನ ಎಡಿಟಿಂಗ್ ಮೇಜಿನಲ್ಲಿ ಈ ಡಬ್ಬಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಲ್ಯಾಪ್‌ಟಾಪಿನ ತೂತಿನಿಂದ 250 ಓಮಿನದು ಸೊರಗುತ್ತದೆ, ಆಂಪಿನಿಂದ ಲೋ ಗೇನಿನಲ್ಲೇ ಮದ್ದಳೆಯ ಎಡದ ಗುಂಕಿ ನಿಚ್ಚಳವಾಗುತ್ತದೆ. ಡ್ರಾವರಿನಲ್ಲಿ ಅದು ಇರುವುದು ಹಾಗಾಗಿ. ಆಟಕ್ಕೆ ಹೋಗುವುದಿಲ್ಲ, ಅಷ್ಟೇ.

ಮೂವತ್ತು ಮೀಟರ್ ಕೇಬಲ್ ಬಂದದ್ದು ಎರಡನೇ ಡ್ರೋನ್ ತೆಂಗಿನ ಮರಕ್ಕೆ ಸಿಕ್ಕಿಕೊಂಡ ಮೇಲೆ. ಈಗ ನಾನು ಜನರ ಹಿಂದೆ, ಚರುಮುರಿ ಅಂಗಡಿಯ ಪಕ್ಕ ಕೂರುತ್ತೇನೆ. ಸುರುವಿಗೆ ಮೊದಲು ಚೆಂಡೆಯವರ ಹತ್ತಿರ ಹೋಗಿ, "ಒಮ್ಮೆ ಮಹಿಷ ಬಂದ ಹಾಗೆ ಬಾರಿಸಿ" ಎಂದು ಕೇಳಿ, ಸದ್ದಿನ ತುದಿಯನ್ನು ಮೈನಸ್ 12ರಲ್ಲಿ, ಎಂದರೆ ಮಿತಿಗಿಂತ 12 ಡೆಸಿಬೆಲ್ ಕೆಳಗೆ, ನಿಲ್ಲಿಸಿ, ಗೇನ್ ತಿರುಪಿನ ಮೇಲೆ ಕಪ್ಪು ಟೇಪ್ ಅಂಟಿಸುತ್ತೇನೆ. ಟೇಪ್ ಬೇರೆ ಯಾರಿಗೂ ಅಲ್ಲ, ನನಗೇ. ಗೇನ್ ತಪ್ಪಿದರೂ ತುದಿ ಕತ್ತರಿಸದ 32 ಬಿಟ್ ಫ್ಲೋಟ್ ರೆಕಾರ್ಡರ್ ಬಂದರೆ ಆ ಟೇಪೂ ಬೇಡ ಎಂದು ಯಜಮಾನರಿಗೆ ಹೇಳಿದ್ದೇನೆ. ವೋಚರ್ ಅವರ ಮೇಜಿನಲ್ಲಿದೆ.

ಕಳೆದ ತಿಂಗಳು ಕುಂಬಳೆಯ ಆಟದ ಅದೇ ಭಾಗವತರು ಹಳೆಯ ಪದ್ಯವೊಂದನ್ನು ಕೇಳಲು ಸ್ಟುಡಿಯೋಕ್ಕೆ ಬಂದಿದ್ದರು. ಜೀವಮಾನವಿಡೀ ಚೆಂಡೆ ಮದ್ದಳೆಗಳ ನಡುವೆ ಕುಳಿತವರು, ಬಲಗಿವಿ ಮಂದ. ಹೆಡ್‌ಫೋನ್ ಹಾಕಿ, ಡಬ್ಬಿಯ ತಿರುಪನ್ನು ಮೆಲ್ಲಗೆ ತಿರುಗಿಸಿದೆ. ತಮ್ಮ ಧ್ವನಿ ಬಂದೊಡನೆ ಬೆರಳುಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಮುಗಿದ ಮೇಲೆ ಡಬ್ಬಿಯನ್ನು ತಿರುಗಿಸಿ ನೋಡಿ, "ಇದಕ್ಕೆ ಎಷ್ಟಾಯಿತು?" ಎಂದು ಕೇಳಿದರು.

"ಎಂಟೂವರೆ ಸಾವಿರ ಭಾಗವತರೇ."

"ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸಬಹುದಿತ್ತು" ಎಂದು ಹೇಳಿ, ವೀಳ್ಯದೆಲೆಯ ಚೀಲ ಬಿಚ್ಚಿದರು.