ಮೊದಲ ತೋಟಾ ಮಾತ್ರ ಎಡಕ್ಕೆ

ವಿರಾಜಪೇಟೆ ಕಡೆಯ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ನಾನು ಕೆಲಸ ಕಲಿತದ್ದು. ಆಗಸ್ಟ್ ಬಂತೆಂದರೆ ನಮಗೆ ಊಟಕ್ಕೂ ಬಿಡುವಿರುವುದಿಲ್ಲ. ಸೆಪ್ಟೆಂಬರ್ 3ಕ್ಕೆ ಕೊಡವರ ಹಬ್ಬ ಕೈಲ್ ಪೊಳ್ದ್. ಕೋವಿಗೆ ಪೂಜೆ, ಆಮೇಲೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮಳೆಗಾಲವಿಡೀ ಮೂಲೆಯಲ್ಲಿ ನಿಂತ ಜೋಡಿ ನಳಿಗೆಗಳೆಲ್ಲ ತುಕ್ಕು ಹಿಡಿಸಿಕೊಂಡು ನಮ್ಮ ಮೇಜಿಗೇ ಬರುತ್ತವೆ.

ಆ ವರ್ಷ ಒಬ್ಬ ಪ್ಲಾಂಟರ್ ತಮ್ಮ ಮಗನನ್ನು ಕರೆದುಕೊಂಡು ಬಂದರು. ಪಾಯಿಂಟ್ ಟೂ ಟೂ ರೈಫಲ್, ಸೆಮಿ ಆಟೊಮ್ಯಾಟಿಕ್; ಅಂದರೆ ಒಂದು ಗುಂಡು ಹೋದ ಮೇಲೆ ಮುಂದಿನ ತೋಟಾವನ್ನು (ಕಾಡತೂಸನ್ನು) ತಾನೇ ಏರಿಸಿಕೊಳ್ಳುವಂಥದ್ದು. ಹುಡುಗನ ಮೊಬೈಲಿನಲ್ಲಿ ಒಂದು ಪಟ್ಟಿ: ದಪ್ಪ ನಳಿಗೆ, ಹಗುರ ಟ್ರಿಗರ್, ಹೊಸ ಸ್ಟಾಕ್ (ನಳಿಗೆ ಕೂರುವ ಮರದ ಭಾಗ), ದೊಡ್ಡ ಸ್ಕೋಪ್ (ಗುರಿ ನೋಡುವ ದುರ್ಬೀನು). "ಅಣ್ಣ, ಇಷ್ಟು ಹಾಕಿಕೊಡಿ. 50 ಮೀಟರಿಗೆ ಒಂದೇ ತೂತು ಬೀಳಬೇಕು."

ಯಜಮಾನರು ಮೊದಲು ಕಾಗದಪತ್ರ ನೋಡಿ, ಕೋವಿಯ ನಂಬರನ್ನು ರಿಜಿಸ್ಟರಿಗೆ ಬರೆದುಕೊಂಡರು. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ, ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಕೋವಿ ತಯಾರಿಸಲು, ನಮ್ಮ ಹಾಗೆ ರಿಪೇರಿ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆಯೇ ಲೈಸೆನ್ಸ್ ಬೇಕು. "ಪಾರ್ಟ್ಸ್ ತರಿಸಿಕೊಡಿ, ಮನೆಯಲ್ಲೇ ಜೋಡಿಸ್ತೇನೆ" ಅನ್ನುವವರನ್ನು ಯಜಮಾನರು ಕಾಫಿ ಕೂಡ ಕೊಡದೆ ಕಳಿಸುತ್ತಾರೆ.

ಇಲ್ಲಿ ನಾನು ಎಡವಿದೆ. ಯಜಮಾನರು ಎರಡು ದಿನ ಮಡಿಕೇರಿಗೆ ಹೋಗಿದ್ದಾಗ ಪಟ್ಟಿಯಲ್ಲಿದ್ದ ಸ್ಕೋಪನ್ನು ನಾನೇ ತರಿಸಿ ಕೂರಿಸಿಬಿಟ್ಟೆ. ಗುರಿ ಎಷ್ಟು ತಪ್ಪುತ್ತಿದೆ, ಯಾವ ಕಡೆಗೆ ತಪ್ಪುತ್ತಿದೆ ಎಂದು ಒಂದು ಸಲವೂ ನೋಡಿರಲಿಲ್ಲ. ಹುಡುಗ ವಾರದಲ್ಲೇ ವಾಪಸ್ ಬಂದ. ಗುರಿ ಇದ್ದ ಹಾಗೇ ಇತ್ತು. ದೊಡ್ಡ ಸ್ಕೋಪಿನಲ್ಲಿ ತಪ್ಪು ದೊಡ್ಡದಾಗಿ ಕಾಣುತ್ತಿತ್ತು, ಅಷ್ಟೇ.

ಯಜಮಾನರು ಬೈಯಲಿಲ್ಲ. ನನ್ನನ್ನು ಕರೆದುಕೊಂಡು ಆ ಪ್ಲಾಂಟರ್ ತೋಟಕ್ಕೇ ಹೋದರು. ಎತ್ತರದ ಮಣ್ಣಿನ ದಿಬ್ಬದ ಮುಂದೆ ಕಾಗದ ಕಟ್ಟಿ, ಟೇಪು ಹಿಡಿದು 50 ಮೀಟರ್ ಅಳೆದು, ಗೋಣಿಚೀಲಕ್ಕೆ ಮರಳು ತುಂಬಿಸಿ, ಅದರ ಮೇಲೆ ರೈಫಲ್ ಇಟ್ಟು ಹುಡುಗನಿಂದ ಐದೈದು ಗುಂಡು ಹೊಡೆಸಿದರು. ಮೂರು ಕಾಗದದಲ್ಲೂ ಒಂದೇ ಕಥೆ: ನಾಲ್ಕು ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ, ಒಂದು ಮಾತ್ರ ಎಡಕ್ಕೆ, ಕೆಳಗೆ. ಆ ಒಂದು ಯಾವಾಗಲೂ ಮೊದಲನೆಯದು.

"ಕಾಗದ ಬಿಡು, ಅವನ ಕೈ ನೋಡು" ಅಂದರು.

ಹುಡುಗ ಮೊದಲ ತೋಟಾ ಏರಿಸುವಾಗ, ಅದನ್ನು ನಳಿಗೆಯೊಳಗೆ ನೂಕುವ ಬೋಲ್ಟನ್ನು ಬೆರಳಲ್ಲಿ ಹಿಡಿದು, ಮಗುವನ್ನು ಮಲಗಿಸಿದ ಹಾಗೆ ನಿಧಾನ ಮುಂದಕ್ಕೆ ಬಿಡುತ್ತಿದ್ದ. ಉಳಿದ ನಾಲ್ಕನ್ನು ಸ್ಪ್ರಿಂಗ್ ಟಪ್ಪನೆ ನೂಕಿ ಕೂರಿಸುತ್ತಿತ್ತು. ಒಂದೇ ನಳಿಗೆಯಲ್ಲಿ ಎರಡು ಥರ ಕೂತ ತೋಟಾ ಎರಡು ಕಡೆ ಹೋಗದೆ ಇನ್ನೇನು? ಹಿಂದಕ್ಕೆ ಎಳೆದು ಪೂರ್ತಿ ಬಿಟ್ಟುಬಿಡು ಅಂದರು. ಮುಂದಿನ ಕಾಗದದಲ್ಲಿ ಐದೂ ಒಟ್ಟಿಗೇ ಇದ್ದವು.

ಆಮೇಲೆ ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು ನಳಿಗೆಗೂ ಮರಕ್ಕೂ ನಡುವೆ ಜಾರಿಸಿದರು. ಮುಂದಿನಿಂದ ಸಲೀಸಾಗಿ ಬಂದ ನೋಟು ಅರ್ಧದಲ್ಲಿ ಸಿಕ್ಕಿಕೊಂಡಿತು. ನಮ್ಮ ಮಳೆಗೆ ಸ್ಟಾಕಿನ ಮರ ಉಬ್ಬಿ ಅಲ್ಲಿ ನಳಿಗೆಯನ್ನು ಒತ್ತುತ್ತಿತ್ತು. ಸ್ಟಾಕಿನ ಸ್ಕ್ರೂ ಕೂಡ ಸಡಿಲ. ಪ್ರತಿ ಗುಂಡಿಗೂ ಬೋಲ್ಟ್ ಹಿಂದೆ ಮುಂದೆ ಬಡಿಯುವ ಕೋವಿಯಲ್ಲಿ ಸ್ಕ್ರೂ ಸಡಿಲವಾಗುವುದು ಹೊಸದೇನಲ್ಲ. ಅಂಗಡಿಗೆ ತಂದು ಆ ಜಾಗದಲ್ಲಿ ಮರವನ್ನು ಉಪ್ಪುಕಾಗದದಿಂದ ತೀಡಿ, ಎಣ್ಣೆ ಹಚ್ಚಿದೆವು.

ಕೊನೆಗೆ ತೋಟಾ. ಹುಡುಗ ದುಬಾರಿಯ, ಜೋರಿನ ತೋಟಾವನ್ನೇ ತಂದಿದ್ದ. ಅದು ಶಬ್ದಕ್ಕಿಂತ ವೇಗವಾಗಿ, ಸೆಕೆಂಡಿಗೆ 340 ಮೀಟರ್ ದಾಟಿ ಹೊರಡುತ್ತದೆ. ದಾರಿಯಲ್ಲಿ ವೇಗ ಶಬ್ದದ ಮಟ್ಟಕ್ಕೆ ಇಳಿಯುವಾಗ ಸಣ್ಣ ಗುಂಡು ಅಲುಗಾಡುತ್ತದೆ. ಗುರಿ ಸ್ಪರ್ಧೆಯವರು ಅದಕ್ಕಿಂತ ನಿಧಾನದ್ದನ್ನೇ ಬಳಸುವುದು. ಅಂಥದ್ದನ್ನು ಎರಡು ಬಗೆ ಹಾಕಿ ನೋಡಿದಾಗ ಈ ನಳಿಗೆಗೆ ಅಗ್ಗದ್ದೇ ಒಗ್ಗಿತು.

ಟ್ರಿಗರ್ ಮುಟ್ಟಲು ಯಜಮಾನರು ಒಪ್ಪಲಿಲ್ಲ. ತಾನೇ ತೋಟಾ ಏರಿಸಿಕೊಳ್ಳುವ ಕೋವಿಯಲ್ಲಿ ಅದನ್ನು ಹಗುರ ಮಾಡಿದರೆ ಒಂದು ಒತ್ತಿಗೆ ಎರಡು ಗುಂಡು ಹೋಗುವ ಅಪಾಯವಿದೆ. ನಳಿಗೆ ಬದಲಿಸುವ ಮಾತು ಮತ್ತೆ ಬರಲಿಲ್ಲ. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ತೆಂಗಿನಕಾಯಿ ಅದರ ಮುಂದೆ ಕುಂಬಳಕಾಯಿ.

ಹುಡುಗ ತನ್ನ ಹಳೆಯ ಸ್ಕೋಪನ್ನೇ ಹಾಕಿಸಿಕೊಂಡು ಹೋದ. ನಾನು ತರಿಸಿದ್ದರ ದುಡ್ಡನ್ನು ಯಜಮಾನರು ಅವನಿಗೆ ವಾಪಸ್ ಕೊಟ್ಟು, ನನ್ನ ಸಂಬಳದಲ್ಲಿ ಮೂರು ತಿಂಗಳು ಹಿಡಿದರು. ಅದು ಈಗಲೂ ಅಂಗಡಿಯ ಕಪಾಟಿನಲ್ಲಿದೆ.