ಬೆಂಚಿನ ಮೇಲಿರುವ ಗೋಲ್‌ಕೀಪರ್‌ಗೂ ಅದೇ ತರಬೇತಿ

ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಗೋಲ್‌ಕೀಪಿಂಗ್ ಕಲಿಸುತ್ತೇನೆ. ನನ್ನ ಕೆಲಸದಲ್ಲಿ ಉತ್ತರ ಹೇಳೋಕೆ ಅತಿ ಕಷ್ಟದ ಪ್ರಶ್ನೆ ಬರುವುದು ಅಪ್ಪ ಅಮ್ಮಂದಿರಿಂದ. "ಸರ್, ನಮ್ಮ ಹುಡುಗನ್ನ ಯಾವಾಗ ಆಡಿಸ್ತೀರಾ?" ಫಾರ್ವರ್ಡ್ ಆಡುವ ಹುಡುಗನಾದರೆ ಕೊನೆಯ ಹತ್ತು ನಿಮಿಷವಾದರೂ ಇಳಿಸಬಹುದು. ಗೋಲ್‌ಕೀಪರ್‌ಗೆ ಆ ದಾರಿ ಇಲ್ಲ. ತಂಡದಲ್ಲಿ ಮೂವರು ಕೀಪರ್ ಇದ್ದರೆ ಒಬ್ಬ ಆಡುತ್ತಾನೆ, ಇನ್ನಿಬ್ಬರು ಟ್ರ್ಯಾಕ್‌ಸೂಟ್ ಹಾಕಿಕೊಂಡು ಕೂತಿರುತ್ತಾರೆ. ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಅವರಿಗೆ ನಾನು ಸಾಮಾನ್ಯವಾಗಿ ಹೇಳುವುದು ಕ್ರೊಯೇಷಿಯಾದ ಗೋಲ್‌ಕೀಪರ್ ಡಾನಿಯೆಲ್ ಸುಬಾಶಿಚ್ ಬಗ್ಗೆ.

ಸುಬಾಶಿಚ್ ಹುಟ್ಟಿದ್ದು 1984ರಲ್ಲಿ, ಏಡ್ರಿಯಾಟಿಕ್ ಸಮುದ್ರದ ದಂಡೆಯ ಜಾದರ್ ಊರಿನಲ್ಲಿ. ಕ್ರೊಯೇಷಿಯಾದ ಹೆಸರಾಂತ ಆಟಗಾರ ಲುಕಾ ಮೋಡ್ರಿಚ್ ಊರೂ ಅದೇ. ಅಲ್ಲಿನ ಸ್ಥಳೀಯ ಕ್ಲಬ್‌ನಲ್ಲೇ ಆಟ ಶುರುಮಾಡಿ 2008ರಲ್ಲಿ ಕ್ರೊಯೇಷಿಯಾದ್ದೇ ಹೈದುಕ್ ಸ್ಪ್ಲಿಟ್ ಕ್ಲಬ್‌ಗೆ ಹೋದರು. 2009ರಲ್ಲಿ ದೇಶದ ತಂಡಕ್ಕೆ ಮೊದಲ ಪಂದ್ಯ ಆಡಿದರು. ಆದರೆ ಆಗ ಕ್ರೊಯೇಷಿಯಾದ ಗೋಲ್‌ಪೋಸ್ಟ್ ಅಂದರೆ ಸ್ಟಿಪೆ ಪ್ಲೆಟಿಕೋಸಾ. ನೂರಕ್ಕೂ ಹೆಚ್ಚು ಅಂತಾರಾಷ್ಟ್ರೀಯ ಪಂದ್ಯ ಆಡಿದ ಮನುಷ್ಯ. 2012ರ ಯುರೋ ಕಪ್ ಬಂತು, ಪ್ಲೆಟಿಕೋಸಾ ಆಡಿದರು. 2014ರ ವಿಶ್ವಕಪ್ ಬಂತು, ಆಗಲೂ ಅವರೇ. ಜಾಗ ಖಾಲಿಯಾಗುವ ಹೊತ್ತಿಗೆ ಸುಬಾಶಿಚ್‌ಗೆ ಸುಮಾರು ಮೂವತ್ತು.

ಈ ಕಾಯುವ ವರ್ಷಗಳಲ್ಲಿ ಅವರು ತೆಗೆದುಕೊಂಡ ಒಂದು ನಿರ್ಧಾರ ನನಗೆ ತುಂಬಾ ಇಷ್ಟ. 2012ರ ಜನವರಿಯಲ್ಲಿ ಅವರು ಮೊನಾಕೊಗೆ ಹೋದರು. ಮೊನಾಕೊ ಅಂದರೆ ದೊಡ್ಡ ಹೆಸರು ಅಲ್ವಾ? ಆಗ ಹಾಗಿರಲಿಲ್ಲ. ಫ್ರಾನ್ಸಿನ ಎರಡನೇ ದರ್ಜೆಯ ಲೀಗ್‌ಗೆ ಇಳಿದು, ಅಲ್ಲಿಯೂ ಪಟ್ಟಿಯ ತಳದಲ್ಲಿತ್ತು. ಆದರೆ ಅಲ್ಲಿ ವಾರ ವಾರ ಆಡಲು ಸಿಗುತ್ತಿತ್ತು. ಅದೇ ಸೀಸನ್‌ನ ಕೊನೆಯ ಪಂದ್ಯದಲ್ಲಿ, ಬುಲೋನ್ ವಿರುದ್ಧ, ಫ್ರೀಕಿಕ್‌ನಿಂದ ಗೋಲ್ ಕೂಡ ಹೊಡೆದರು. ಇದನ್ನು ಹೇಳಿದರೆ ನಮ್ಮ ಮಕ್ಕಳ ಕಣ್ಣು ಅರಳುತ್ತದೆ. 2013ರಲ್ಲಿ ಮೊನಾಕೊ ಮೊದಲ ದರ್ಜೆಗೆ ಏರಿತು. 2017ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿಯನ್ನು ಹಿಂದಿಕ್ಕಿ ಫ್ರಾನ್ಸಿನ ಚಾಂಪಿಯನ್ ಆಯಿತು, ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ಗೂ ಹೋಯಿತು. ಅಷ್ಟೂ ದಿನ ಗೋಲ್‌ಪೋಸ್ಟ್‌ನಲ್ಲಿ ಸುಬಾಶಿಚ್.

ಅವರ ಬಗ್ಗೆ ಮಾತಾಡುವಾಗ ಒಂದು ದುಃಖದ ವಿಷಯ ಹೇಳಲೇಬೇಕು. 2008ರ ಮಾರ್ಚ್‌ನಲ್ಲಿ ಜಾದರ್ ಪರ ಆಡುತ್ತಿದ್ದಾಗ ಅವರು ಒದ್ದ ಚೆಂಡಿನ ಹಿಂದೆ ಗೆಳೆಯ ಹ್ರ್ವೊಯೆ ಚುಸ್ತಿಚ್ ಓಡಿದರು. ಎದುರಾಳಿಯ ಜೊತೆ ಪೈಪೋಟಿಯಲ್ಲಿ ಆಯ ತಪ್ಪಿ, ಮೈದಾನದ ಗೆರೆಯ ಹತ್ತಿರವೇ ಇದ್ದ ಕಾಂಕ್ರೀಟ್ ಗೋಡೆಗೆ ತಲೆ ಬಡಿಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರಿಗಿನ್ನೂ 24 ವರ್ಷ. ಅಂದಿನಿಂದ ಸುಬಾಶಿಚ್ ತಮ್ಮ ಜೆರ್ಸಿಯ ಒಳಗೆ ಚುಸ್ತಿಚ್ ಫೋಟೊ ಇರುವ ಅಂಗಿ ತೊಟ್ಟು ಆಡಿದರು. ಕೋಚ್ ಆಗಿ ಇದರಿಂದ ನಾನು ತೆಗೆದುಕೊಂಡದ್ದು ತೀರಾ ಸಾದಾ ಅಭ್ಯಾಸ. ಯಾವ ಗ್ರೌಂಡ್‌ಗೆ ಹೋದರೂ ಮೊದಲು ಗೆರೆಯ ಆಚೆ ಒಂದು ಸುತ್ತು ನಡೆಯುತ್ತೇನೆ. ಕಾಂಪೌಂಡ್ ಎಷ್ಟು ದೂರ, ಕಲ್ಲುಬೆಂಚು ಎಲ್ಲಿದೆ, ಚರಂಡಿಗೆ ಚಪ್ಪಡಿ ಮುಚ್ಚಿದೆಯಾ, ಎಲ್ಲ ನೋಡಿ ಮಕ್ಕಳಿಗೂ ತೋರಿಸುತ್ತೇನೆ. ಬೇಲಿ ತೀರಾ ಹತ್ತಿರ ಇದ್ದರೆ ಆ ಬದಿಯ ಗೆರೆಯನ್ನೇ ಒಳಗೆ ಎಳೆಯುತ್ತೇನೆ. ಆಡುವ ಜಾಗ ಕಿರಿದಾಗುತ್ತದೆ ಅಂತ ಯಾರಾದರೂ ಗೊಣಗಿದರೂ ಈ ವಿಷಯದಲ್ಲಿ ನಾನು ಜಗ್ಗುವುದಿಲ್ಲ.

2018ರ ರಷ್ಯಾ ವಿಶ್ವಕಪ್ ಹೊತ್ತಿಗೆ ಸುಬಾಶಿಚ್‌ಗೆ 33. ಪ್ರೀ ಕ್ವಾರ್ಟರ್‌ಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಪಂದ್ಯ 1-1ರಲ್ಲಿ ನಿಂತು, ಎರಡೂ ತಂಡ ಸರದಿಯಲ್ಲಿ ಪೆನಾಲ್ಟಿ ಒದೆಯುವ ಶೂಟೌಟ್‌ಗೆ ಹೋಯಿತು. ಎರಿಕ್ಸನ್, ಶೋನೆ, ಯೋರ್ಗೆನ್ಸನ್, ಮೂವರ ಒದೆತವನ್ನೂ ಅವರು ತಡೆದರು. ಆಚೆ ಕಡೆ ಕ್ಯಾಸ್ಪರ್ ಶ್ಮೈಕೆಲ್ ಕೂಡ ಎರಡು ತಡೆದಿದ್ದರು, ಅದಕ್ಕೂ ಮೊದಲು ಹೆಚ್ಚುವರಿ ಸಮಯದಲ್ಲಿ ಮೋಡ್ರಿಚ್ ಪೆನಾಲ್ಟಿಯನ್ನೂ ಹಿಡಿದಿದ್ದರು. ಇಬ್ಬರು ಕೀಪರ್‌ಗಳ ಪಂದ್ಯ ಅದು.

ಮುಂದಿನ ಪಂದ್ಯ ರಷ್ಯಾ ವಿರುದ್ಧ, ಸೋಚಿಯಲ್ಲಿ. 90 ನಿಮಿಷ ಮುಗಿಯುವ ಹೊತ್ತಿಗೆ ಸುಬಾಶಿಚ್‌ಗೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿತು. ಕ್ರೊಯೇಷಿಯಾದ ಮೂರೂ ಬದಲಾವಣೆ ಆಗಲೇ ಮುಗಿದಿತ್ತು. ಹೆಚ್ಚುವರಿ ಸಮಯಕ್ಕೆ ಸಿಕ್ಕ ನಾಲ್ಕನೆಯದು ತಂಡದ ಇನ್ನೊಬ್ಬ ಆಟಗಾರ ವ್ರ್ಸಾಲ್ಕೊ ಗಾಯಗೊಂಡಾಗ ಅವರ ಜಾಗಕ್ಕೆ ಹೋಯಿತು. ಸುಬಾಶಿಚ್ ಆ ಕಾಲಿನಲ್ಲೇ ಉಳಿದ ಆಟ ಆಡಿ, ಶೂಟೌಟ್‌ನಲ್ಲಿ ಸ್ಮೊಲೊವ್ ಒದ್ದ ಮೊದಲ ಪೆನಾಲ್ಟಿಯನ್ನೇ ಒಂದು ಕೈಯಲ್ಲಿ ತಡೆದರು. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಮಕ್ಕಳಿಗೆ ನಾನಿದನ್ನು ಮಾದರಿಯಾಗಿ ತೋರಿಸುವುದಿಲ್ಲ. ಹದಿಮೂರರ ಹುಡುಗನಿಗೆ ತೊಡೆ ಹಿಡಿದರೆ ಅವನು ಹೊರಗೆ ಬರಬೇಕು, ಅಷ್ಟೇ. ಅವನ ಜಾಗಕ್ಕೆ ಹೋಗುವವನು ತಯಾರಿದ್ದಾನಾ ಅನ್ನುವುದು ನನ್ನ ಜವಾಬ್ದಾರಿ.

ಕ್ರೊಯೇಷಿಯಾ ಆ ಸಲ ಫೈನಲ್‌ನಲ್ಲಿ ಫ್ರಾನ್ಸ್‌ಗೆ 4-2ರಿಂದ ಸೋತಿತು. ಮರು ತಿಂಗಳು, ದೇಶದ ಪರ 44 ಪಂದ್ಯ ಆಡಿದ್ದ ಸುಬಾಶಿಚ್ ದೇಶದ ತಂಡದಿಂದ ನಿವೃತ್ತರಾದರು.

ಮನೆಯವರಿಗೆ ನಾನು ನಿಜವಾಗಿ ತೋರಿಸಬೇಕಾದದ್ದು ಇಲ್ಲಿಂದ ಶುರುವಾಗುತ್ತದೆ. ರಷ್ಯಾ ವಿಶ್ವಕಪ್‌ಗೆ ಹೋದ ಆ ಕ್ರೊಯೇಷಿಯಾ ತಂಡದಲ್ಲಿ ಇನ್ನಿಬ್ಬರು ಕೀಪರ್ ಇದ್ದರು, ಲೊವ್ರೆ ಕಲಿನಿಚ್ ಮತ್ತು ಡೊಮಿನಿಕ್ ಲಿವಾಕೊವಿಚ್. ಲಿವಾಕೊವಿಚ್ ಕೂಡ ಜಾದರ್‌ನವರೇ, ಆಗ 23 ವರ್ಷ, ಇಡೀ ಟೂರ್ನಿಯಲ್ಲಿ ಒಂದು ನಿಮಿಷವೂ ಆಡಲಿಲ್ಲ. ನಾಲ್ಕು ವರ್ಷದ ನಂತರ ಕತಾರ್‌ನಲ್ಲಿ ಜಪಾನ್ ವಿರುದ್ಧ ಅದೇ ಪ್ರೀ ಕ್ವಾರ್ಟರ್‌ಫೈನಲ್, ಅದೇ ಶೂಟೌಟ್. ಮಿನಾಮಿನೊ, ಮಿತೋಮ, ಯೋಶಿದ, ಮೂವರನ್ನೂ ತಡೆದರು. ಮುಂದೆ ಬ್ರೆಜಿಲ್ ವಿರುದ್ಧ ಪಂದ್ಯದುದ್ದಕ್ಕೂ ಒಂದಾದ ಮೇಲೊಂದು ಸೇವ್ ಮಾಡಿ, ಶೂಟೌಟ್‌ನ ಮೊದಲ ಒದೆತದಲ್ಲೇ ರೊಡ್ರಿಗೊನನ್ನು ನಿಲ್ಲಿಸಿದರು. ರಷ್ಯಾದಲ್ಲಿ ಅವರಿಗೆ ಆಡಲು ಸಿಗಲಿಲ್ಲ, ಆದರೆ ಸುಬಾಶಿಚ್ ಜೊತೆ ದಿನಾ ಅಭ್ಯಾಸ ಮಾಡಲು ಸಿಕ್ಕಿತು. ಅದನ್ನು ಸುಮ್ನೆ ಕಳೆದ ಕಾಲ ಅಂತ ನಾನು ಲೆಕ್ಕ ಹಾಕುವುದಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಒಂದೇ ಗೋಲ್‌ಪೋಸ್ಟ್, ಮೂವರು ಕೀಪರ್. ಚೆನ್ನಾಗಿ ಆಡುವವನು ಪೋಸ್ಟ್‌ನಲ್ಲಿ, ಎರಡನೆಯವನು ಚೆಂಡು ಒದೆಯಲು, ಮೂರನೆಯವನು ಹಿಂದೆ ನಿಂತು ಚೆಂಡು ಹೆಕ್ಕಲು. ತಿಂಗಳುಗಟ್ಟಲೆ ಹೀಗೇ ನಡೆದರೆ ಮೂರನೆಯವನು ಚೆಂಡು ಹೆಕ್ಕುವುದನ್ನಷ್ಟೇ ಕಲಿಯುತ್ತಾನೆ. ನನ್ನ ಅಭ್ಯಾಸದಲ್ಲಿ ಮೂವರೂ ಸರದಿಯಲ್ಲಿ ಜಾಗ ಬದಲಾಯಿಸುತ್ತಾರೆ, ಪೋಸ್ಟ್‌ನಲ್ಲಿ ಎಲ್ಲರಿಗೂ ಸಮ ಸಮಯ. ಹಿಂದೆ ನಿಂತವನಿಗೂ ಕೆಲಸವಿದೆ. ಒದೆಯುವವನ ಊರಿದ ಪಾದ ಯಾವ ಕಡೆ ತಿರುಗಿದೆ, ಸೊಂಟ ತೆರೆದುಕೊಳ್ಳುತ್ತಿದೆಯಾ ಅಂತ ನೋಡಿ, ಕಾಲು ಚೆಂಡಿಗೆ ತಾಗುವ ಮೊದಲೇ "ಎಡ" ಅಥವಾ "ಬಲ" ಅಂತ ಕೈ ತೋರಿಸಬೇಕು. ಮಾತಾಡುವಂತಿಲ್ಲ, ಮುಂದಿರುವ ಕೀಪರ್‌ಗೆ ಗೊತ್ತಾಗಬಾರದು. ಶುರುವಿನಲ್ಲಿ ಮಕ್ಕಳು ಒದೆಯುವವನ ಮುಖ ನೋಡುತ್ತಾರೆ, ಮೋಸ ಹೋಗುತ್ತಾರೆ. ನೋಡ್ತಾ ನೋಡ್ತಾ ಕಣ್ಣು ತಾನಾಗಿ ಕಾಲಿಗೆ ಇಳಿಯುತ್ತದೆ. ಪೆನಾಲ್ಟಿಗೆ ಕಾದು ನಿಲ್ಲುವ ಧೈರ್ಯ ಬರುವುದೇ ಆ ಕಣ್ಣಿನಿಂದ. ಜೊತೆಗೆ ಈಗಿನ ನಿಯಮದಲ್ಲಿ ಒದೆಯುವ ಕ್ಷಣಕ್ಕೆ ಕೀಪರ್‌ನ ಒಂದು ಪಾದದ ಸ್ವಲ್ಪ ಭಾಗವಾದರೂ ಗೋಲ್ ಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಅದರ ಹಿಂದೆ ಇರಬೇಕು. ಹಿಂದೆ ನಿಂತವನು ಅದನ್ನೂ ಗಮನಿಸಿ ಹೇಳಬೇಕು.

ಮನೆಯವರು ಬಂದು ಕೇಳಿದಾಗ ಈಗ ನಾನು ಅವರನ್ನು ಪಂದ್ಯಕ್ಕಲ್ಲ, ಅಭ್ಯಾಸಕ್ಕೆ ಕರೆಯುತ್ತೇನೆ. ಬಂದು ಗೋಲ್‌ಪೋಸ್ಟ್ ಪಕ್ಕದಲ್ಲೇ ನಿಂತು ನೋಡಿ, ನಿಮ್ಮ ಮಗನಿಗೆ ಎಷ್ಟು ಚೆಂಡು ಬರುತ್ತಿದೆ, ಏನು ಕಲಿಯುತ್ತಿದ್ದಾನೆ ನೋಡಿ ಅನ್ನುತ್ತೇನೆ. ಬೇರೆ ತಂಡದಲ್ಲಿ ದಿನಾ ಆಡಲು ಸಿಗುತ್ತದೆ ಅಂತಾದರೆ ಕಳಿಸಿ ಅಂತಲೂ ಹೇಳುತ್ತೇನೆ. ಸುಬಾಶಿಚ್ ಎರಡನೇ ದರ್ಜೆಗೆ ಹೋಗಿ ಆಡಲಿಲ್ಲವೇ. ಒಳ್ಳೆಯ ಹುಡುಗನನ್ನು ಬೆಂಚಿನಲ್ಲಿ ಕಟ್ಟಿಹಾಕಿ ಇಟ್ಟುಕೊಳ್ಳುವ ಹಕ್ಕು ಯಾವ ಕೋಚ್‌ಗೂ ಇಲ್ಲ.

ಸಣ್ಣ ಊರುಗಳಲ್ಲಿ ಒಂದೇ ಪೋಸ್ಟ್ ಇಟ್ಟುಕೊಂಡು ನಾಲ್ಕೈದು ಕೀಪರ್‌ಗಳಿಗೆ ಕಲಿಸುವವರು ಇದನ್ನು ಓದುತ್ತಿದ್ದರೆ, ಹಿಂದೆ ನಿಂತ ಮಕ್ಕಳಿಗೆ ನೀವು ಏನು ಮಾಡಿಸುತ್ತೀರಿ ಅಂತ ದಯವಿಟ್ಟು ತಿಳಿಸಿ. ಮುಂದಿನ ಬ್ಯಾಚ್‌ನಲ್ಲಿ ನಾನೂ ಮಾಡಿಸಿ ನೋಡುತ್ತೇನೆ.